ಬೆಲ್ ಆದಾಗಲೆಲ್ಲ ಭಂಗಿ ಬದಲಿಸಿ: ಪಾಠ ಮಾಡುವವರ ಬೆನ್ನಿಗಾಗಿ

2014ರ ಮಾರ್ಚ್ ತಿಂಗಳು. ಬೆಳಗಿನ ಪಾಳಿಯ ಶಾಲೆ, ಏಳಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಸ್ಟಾಫ್‌ರೂಮಿನ ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯಿಂದ ಉತ್ತರಪತ್ರಿಕೆಯ ಕಟ್ಟು ತೆಗೆಯಲು ಬಗ್ಗಿದೆ. ದೊಡ್ಡ ಕಟ್ಟೇನಲ್ಲ, ಐದು ಕಿಲೋ ಇರಬಹುದು. ಕಾಲು ಬಾಗಿಲ ಕಡೆಗೆ, ಕೈ ಕಪಾಟಿನ ಒಳಗೆ, ಕಿವಿ ಪ್ರಾರ್ಥನೆಯ ಬೆಲ್ಲಿನ ಕಡೆಗೆ. ಏಳುವಾಗ ಸೊಂಟದ ಎಡಗಡೆ ಏನೋ ಛಳಕ್ ಎಂದಿತು. ಕಟ್ಟು ಅಲ್ಲೇ ಬಿಟ್ಟೆ. ನಮ್ಮೂರಿನ ಕಡೆ ಹೇಳುವ ಹಾಗೆ, ಸೊಂಟ ಹಿಡಿದುಬಿಟ್ಟಿತ್ತು.

ಆದರೂ ತರಗತಿಗೆ ಹೋದೆ. ಎಂಟನೆಯ ತರಗತಿ, ವಿಜ್ಞಾನ. ಬರೆಯುತ್ತ ಇದ್ದ ಹಾಗೆ ಸೀಮೆಸುಣ್ಣ ಕೈಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ನನ್ನಿಂದ ಆಗಲಿಲ್ಲ. ಮೇಜು ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತೆ. ಮೊದಲ ಬೆಂಚಿನ ಹುಡುಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮನೆಯವಳು, ಎದ್ದು ಬಂದು ಸೀಮೆಸುಣ್ಣ ಎತ್ತಿಕೊಂಡಳು. "ಟೀಚರ್, ನೀವ್ ಕುಂದರ್ರಿ. ನೀವ್ ಹೇಳ್ರಿ, ನಾ ಬೋರ್ಡಿನ ಮ್ಯಾಗ ಬರೀತೀನಿ" ಅಂದಳು. ಆ ಪಾಠ ಹಾಗೇ ಮುಗಿಯಿತು.

ನಾನು ಅಂಕೋಲೆಯವಳು. ಡೊಂಬಿವಲಿಯಲ್ಲಿ ಮನೆ, ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ 27 ವರ್ಷದ ಕೆಲಸ. ಸೊಂಟ ಹಿಡಿದ ಮೇಲೆ ಕಲಿತದ್ದನ್ನು ಹಿಡಿಯುವ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು, ಸರ್‌ಗಳು ಮೂವತ್ತು ದಾಟುವ ಮೊದಲೇ ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದನ್ನು ನೋಡುತ್ತಿದ್ದೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳುವಳಿಕೆ

ಆಗ ಒಬ್ಬ ವೈದ್ಯರು ಮೊದಲ ದಿನವೇ ಎಂಆರ್‌ಐ ಮಾಡಿಸಿದರು. ಡಿಸ್ಕ್ (ಬೆನ್ನಿನ ಮೂಳೆಗಳ ನಡುವಿನ ದಿಂಬು) ಉಬ್ಬಿದೆ, ಇನ್ನು ಬಗ್ಗಲೇಬೇಡಿ, ಮಲಗಿರಿ ಎಂದರು. ಮೂರು ವಾರ ಮಲಗಿದೆ. ನೋವು ಸ್ವಲ್ಪ ಇಳಿಯಿತು, ಆದರೆ ಎದ್ದು ನಿಂತರೆ ಕಾಲಲ್ಲಿ ಬಲವೇ ಇರಲಿಲ್ಲ. ಹೆದರಿಕೆಯಂತೂ ನೋವಿಗಿಂತ ಹೆಚ್ಚಾಗಿತ್ತು. ನೆಲದ ಮೇಲಿನ ಕಾಗದ ಎತ್ತಲೂ ಮಗನನ್ನು ಕರೆಯುತ್ತಿದ್ದೆ.

ಡಿಸ್ಕ್ ಉಬ್ಬುವುದು ಎಷ್ಟು ಸಾಮಾನ್ಯ ಎಂಬುದು ಆಮೇಲೆ ತಿಳಿಯಿತು. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಸೇರಿಸಿ ನೋಡಿದ ಒಂದು ಪರಿಶೀಲನೆ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಏನೂ ನೋವಿಲ್ಲದ 40 ವರ್ಷದವರಲ್ಲಿ ಅರ್ಧದಷ್ಟು ಜನರಿಗೆ ಡಿಸ್ಕ್ ಉಬ್ಬಿರುತ್ತದೆ, 50 ವರ್ಷದವರಲ್ಲಿ ಶೇ 60ರಷ್ಟು ಜನರಿಗೆ. ತಲೆಕೂದಲು ನೆರೆತ ಹಾಗೆ ಅದು ವಯಸ್ಸಿನ ಗುರುತು. ಸ್ಕ್ಯಾನ್ ಯಾವಾಗ ಬೇಕೇಬೇಕು ಎಂಬುದನ್ನು ಕೊನೆಗೆ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು. ಅವರಲ್ಲಿ ಹೆಚ್ಚಿನವರ ನೋವಿಗೆ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಯಾವ ಸ್ಕ್ಯಾನಿಗೂ ಆಗುವುದಿಲ್ಲ.

ನನ್ನನ್ನು ಎಬ್ಬಿಸಿ ನಡೆಸಿದವರು ಡೊಂಬಿವಲಿ ಪೂರ್ವದ ಒಬ್ಬ ಫಿಸಿಯೋಥೆರಪಿಸ್ಟ್, ನನಗಿಂತ ಹದಿನೈದು ವರ್ಷ ಚಿಕ್ಕ ಮರಾಠಿ ಹುಡುಗಿ. ಅವರು ನನ್ನ ಬೆನ್ನು ಮುಟ್ಟುವ ಮೊದಲು ನನ್ನ ಇಡೀ ದಿನವನ್ನು ಕೇಳಿದರು. ಎಷ್ಟಕ್ಕೆ ಏಳುತ್ತೀರಿ, ಯಾವ ಗಾಡಿ, ಕೂರಲು ಜಾಗ ಸಿಗುತ್ತದಾ, ಬೋರ್ಡ್ ಎಷ್ಟು ಎತ್ತರ, ಪುಸ್ತಕ ತಿದ್ದುವುದು ಎಲ್ಲಿ ಕೂತು. ಎಲ್ಲ ಬರೆದುಕೊಂಡು ಹೇಳಿದರು: "ಮ್ಯಾಡಮ್, ನಿಮ್ಮ ಬೆನ್ನು ಆ ಕಟ್ಟಿನಿಂದ ಹೋಗಿಲ್ಲ. ಆ ಕಟ್ಟಿಗೆ ಕೈ ಹಾಕುವ ಹೊತ್ತಿಗೆ ಅದು ದಣಿದು ಮುಗಿದಿತ್ತು."

ಅವರು ಕಲಿಸಿದ ಮುಖ್ಯ ಪಾಠ ಇಷ್ಟು. ಚಿಕ್ಕಂದಿನಿಂದ ನಮಗೆ "ನೆಟ್ಟಗೆ ನಿಲ್ಲು, ಗೂನು ಹಾಕಬೇಡ" ಎಂದು ಹೇಳಿಕೊಂಡೇ ಬಂದಿದ್ದಾರೆ, ನಾವೂ ಮಕ್ಕಳಿಗೆ ಅದನ್ನೇ ಹೇಳುತ್ತೇವೆ. ನೆಟ್ಟಗೆ ನಿಂತರೂ ಅರ್ಧ ಗಂಟೆ ಅಲ್ಲಾಡದೆ ನಿಂತರೆ ಬೆನ್ನು ನೋಯುತ್ತದೆ. ಬೆನ್ನಿಗೆ ಬೇಕಾದದ್ದು ಬದಲಾವಣೆ. ನಮ್ಮ ಕೆಲಸದಲ್ಲಿ ಅದಕ್ಕೊಂದು ಅನುಕೂಲ ಇದೆ: ಪ್ರತಿ 35 ನಿಮಿಷಕ್ಕೆ ಬೆಲ್ ಆಗುತ್ತದೆ.

ಚೀಲವನ್ನು ತೂಕಕ್ಕೆ ಹಾಕಿ

ಮಹಾರಾಷ್ಟ್ರ ಸರಕಾರ 2015ರಲ್ಲಿ ಆದೇಶ ಹೊರಡಿಸಿತು: ಶಾಲೆಯ ಚೀಲ ಮಗುವಿನ ತೂಕದ ಶೇ 10ಕ್ಕಿಂತ ಹೆಚ್ಚಿರಬಾರದು. 2020ರಲ್ಲಿ ಕೇಂದ್ರದ ಶಾಲಾಚೀಲ ನೀತಿಯೂ ಅದನ್ನೇ ಹೇಳಿತು. ನಾವು ತಕ್ಕಡಿ ತಂದು ಮಕ್ಕಳ ಚೀಲ ತೂಗಿ ವಹಿಯಲ್ಲಿ ಬರೆದೆವು. ಒಂದು ಸಂಜೆ ನಮ್ಮ ಸೊಸೈಟಿಯ ಕೆಳಗಿನ ಕಿರಾಣಿ ಅಂಗಡಿಯಲ್ಲಿ ನನ್ನ ಚೀಲವನ್ನೂ ತೂಗಿಸಿದೆ. ಏಳು ಕಿಲೋ ನಾನೂರು ಗ್ರಾಂ. ನನ್ನ ತೂಕ 58. ಮಕ್ಕಳ ನಿಯಮ ನನಗೆ ಹಾಕಿದರೂ ಐದೂಮುಕ್ಕಾಲು ದಾಟಬಾರದಿತ್ತು.

ನೀವೂ ಒಮ್ಮೆ ತೂಗಿಸಿ. ಆಮೇಲೆ ಒಂದೊಂದನ್ನೇ ಹೊರಗೆ ತೆಗೆದು ನೋಡಿ. ನನ್ನದರಲ್ಲಿ ತಿದ್ದಬೇಕಾದ 30 ಪುಸ್ತಕಗಳೇ ನಾಲ್ಕೂವರೆ ಕಿಲೋ. ತುಂಬಿದ ನೀರಿನ ಬಾಟಲಿ ಒಂದು ಕಿಲೋಗೆ ಮೇಲೆ. ಈಗ ಪುಸ್ತಕಗಳನ್ನು ಹತ್ತು ಹತ್ತರಂತೆ ಒಯ್ಯುತ್ತೇನೆ, ಆದಷ್ಟನ್ನು ಶಾಲೆಯಲ್ಲೇ ಬಿಡುವಿನ ಪೀರಿಯಡ್ಡಿನಲ್ಲಿ ತಿದ್ದುತ್ತೇನೆ. ಬಾಟಲಿ ಅರ್ಧ ತುಂಬಿ ಹೊರಡುತ್ತೇನೆ. ಚೀಲ ಮೂರೂವರೆಗೆ ಇಳಿದಿದೆ.

ಒಂದೇ ಹೆಗಲಿನ ಚೀಲ ಬಿಟ್ಟುಬಿಡಿ. ಬಲ ಹೆಗಲಿನಲ್ಲಿ ಚೀಲ ತೂಗಿದರೆ ದೇಹವನ್ನು ನೆಟ್ಟಗಿಡಲು ಸೊಂಟದ ಎಡಗಡೆಯ ಸ್ನಾಯು ದಾರಿಯುದ್ದಕ್ಕೂ ಬಿಗಿಹಿಡಿದಿರಬೇಕಾಗುತ್ತದೆ. ಸೀರೆಯ ಮೇಲೆ ಬೆನ್ನುಚೀಲ ಚೆನ್ನಾಗಿ ಕಾಣುವುದಿಲ್ಲ ಎಂದು ಹತ್ತು ವರ್ಷ ಹಾಕದೆ ಇದ್ದೆ. ಈಗ ನಮ್ಮ ಶಾಲೆಯಲ್ಲಿ ಆರು ಜನ ಟೀಚರುಗಳು ಸೀರೆಯ ಮೇಲೇ ಹಾಕುತ್ತಾರೆ.

ಲೋಕಲ್ ರೈಲಿನ ನಾಲ್ಕನೆಯ ಸೀಟು

ಡೊಂಬಿವಲಿಯಿಂದ ಕುರ್ಲಾ, ಅಲ್ಲಿ ಮೇಲ್ಸೇತುವೆ ಹತ್ತಿ ಇಳಿದು ಹಾರ್ಬರ್ ಲೈನ್. ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂರುವುದು ಹೇಗೆ ಎಂದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಒಂದು ತೊಡೆ ಸೀಟಿನ ಮೇಲೆ, ಇನ್ನೊಂದು ಗಾಳಿಯಲ್ಲಿ, ಒಂದು ಕಾಲು ದಾರಿಗೆ ಅಡ್ಡ ಊರಿ, ಮೊಣಕಾಲ ಮೇಲೆ ಚೀಲ, ಮೈ ಓರೆ. ಕೂತೆವಲ್ಲ ಎಂಬ ಸಮಾಧಾನ ಮನಸ್ಸಿಗೆ ಸಿಗುತ್ತದೆ. ಸೊಂಟದ ಕೆಳಗಿನ ಕೀಲುಗಳು ಮಾತ್ರ ಒಂದೇ ಕಡೆಗೆ ತಿರುಚಿಕೊಂಡು, ಗಾಡಿಯ ಕುಲುಕಾಟವನ್ನೂ ತಿನ್ನುತ್ತ ಮುಕ್ಕಾಲು ಗಂಟೆ ಕಳೆಯುತ್ತವೆ. ಆ ಮಾರ್ಚ್ ಬೆಳಿಗ್ಗೆ ನಾನು ಬಂದದ್ದು ಹಾಗೇ.

ನನ್ನ ಅನುಭವದಲ್ಲಿ ನಾಲ್ಕನೆಯ ಸೀಟಿಗಿಂತ ನಿಲ್ಲುವುದು ಒಳ್ಳೆಯದು. ಪಾದಗಳ ನಡುವೆ ಒಂದು ಮೊಳ ಬಿಟ್ಟು, ಒಂದನ್ನು ತುಸು ಮುಂದಿಟ್ಟು, ಮೊಣಕಾಲು ಸಡಿಲವಾಗಿರಲಿ. ಹಿಡಿಕೆ ಹಿಡಿದ ಕೈಯನ್ನು ದಾರಿಯಲ್ಲಿ ಬದಲಿಸಿ. ನಾನು ಥಾಣೆಯವರೆಗೆ ಎಡಗೈ, ಅಲ್ಲಿಂದ ಕುರ್ಲಾವರೆಗೆ ಬಲಗೈ ಎಂದು ರೂಢಿ ಮಾಡಿಕೊಂಡಿದ್ದೇನೆ. ಚೀಲ ಹಲಗೆಯ ಮೇಲಿರಲಿ. ನಿಂತಲ್ಲಿಂದ ಕೈ ಚಾಚಿ ಎಸೆಯಬೇಡಿ, ಕಿಟಕಿಯ ಹತ್ತಿರ ಇರುವವರ ಕೈಗೆ ಕೊಟ್ಟರೆ ಅವರೇ ಮೇಲಿಡುತ್ತಾರೆ. ಪೂರ್ತಿ ಸೀಟು ಸಿಕ್ಕಿದ ದಿನ ಹಿಂದಕ್ಕೆ ಸರಿದು ಬೆನ್ನನ್ನು ಆನಿಸಿ ಕೂರಿ.

ಮಳೆಗಾಲಕ್ಕೆ ಒಂದೇ ಮಾತು. ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಸವೆಯದ ಚಪ್ಪಲಿ ಕೊಳ್ಳಿ. ಜೂನಿನಲ್ಲಿ ಸ್ಟೇಷನ್ನಿನ ಒದ್ದೆ ಮೆಟ್ಟಿಲ ಮೇಲೆ ಕುಂಡೆಯೂರಿ ಬಿದ್ದು ವರ್ಷಗಟ್ಟಲೆ ನರಳಿದವರನ್ನು ಕಂಡಿದ್ದೇನೆ.

ಬೋರ್ಡಿನ ಮುಂದೆ

ಬೋರ್ಡಿನ ಅಂಚಿನಲ್ಲಿ ಎರಡು ಸಣ್ಣ ಪೆನ್ಸಿಲ್ ಗೆರೆ ಹಾಕಿ, ಒಂದು ನಿಮ್ಮ ಹಣೆಯ ಎತ್ತರಕ್ಕೆ, ಇನ್ನೊಂದು ಎದೆಯ ಕೆಳಗೆ. ಬರವಣಿಗೆ ಆ ಎರಡರ ನಡುವೆ ಇರಲಿ. ಬೋರ್ಡನ್ನು ಮೂರು ಕಂಬಗಳಾಗಿ ಭಾಗ ಮಾಡಿ, ಒಂದು ತುಂಬಿದ ಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ನಿಂತಲ್ಲೇ ನಿಂತು ತೋಳು ಚಾಚಿ ಬರೆಯುವುದರಿಂದ ಹೆಗಲೂ ಕುತ್ತಿಗೆಯೂ ಒಟ್ಟಿಗೆ ಕೆಡುತ್ತವೆ. ಕೆಳಭಾಗದಲ್ಲಿ ಚಿತ್ರ ಬರೆಯಲೇಬೇಕಾದರೆ ಒಂದು ಮೊಣಕಾಲೂರಿ ಬರೆಯಿರಿ, ಇಲ್ಲವೇ ಒಬ್ಬ ಹುಡುಗನನ್ನು ಕರೆದು ಬರೆಸಿ. ಆ ಎತ್ತರ ಅವರಿಗೆ ಸರಿಯಾಗಿರುತ್ತದೆ, ಬರೆಯುವ ಆಸೆಯೂ ಇರುತ್ತದೆ.

ಕೈ ಬೋರ್ಡಿನ ಮೇಲೆ, ಮುಖ ಹಿಂದಿನ ಬೆಂಚಿನ ಗಲಾಟೆಯ ಕಡೆಗೆ: ಈ ತಿರುಚು ನಮ್ಮೆಲ್ಲರಿಗೂ ಇದೆ. ಬರೆದು ಮುಗಿಸಿ, ಪಾದ ತಿರುಗಿಸಿ, ಆಮೇಲೆ ಮಾತಾಡಿ. ಪಾದ ತಿರುಗಿದರೆ ಸೊಂಟ ತಾನೇ ತಿರುಗುತ್ತದೆ.

ಹಳೆಯ ತರಗತಿಗಳಲ್ಲಿ ಬೋರ್ಡಿನ ಕೆಳಗೆ ಕಟ್ಟೆ ಇರುತ್ತದೆ. ವಿವರಿಸುವಾಗ ಕೆಳಗೆ ನಿಂತು ಒಂದು ಪಾದವನ್ನು ಆ ಕಟ್ಟೆಯ ಮೇಲಿಡಿ, ಐದು ನಿಮಿಷಕ್ಕೆ ಕಾಲು ಬದಲಿಸಿ. ಸೊಂಟದ ಒಳಬಾಗು ಸಡಿಲವಾಗುವುದು ಆ ಕ್ಷಣವೇ ತಿಳಿಯುತ್ತದೆ. ಕಟ್ಟೆ ಇಲ್ಲದಿದ್ದರೆ ಒಂದು ಇಟ್ಟಿಗೆಗೆ ಕಾಗದ ಸುತ್ತಿ ಮೇಜಿನ ಕೆಳಗಿಟ್ಟುಕೊಳ್ಳಿ. ನನ್ನದು ಹನ್ನೊಂದು ವರ್ಷದಿಂದ ಅಲ್ಲೇ ಇದೆ. ನಮ್ಮ ಮಾವ್ಶಿ ಗುಡಿಸುವಾಗ ಎತ್ತಿ ಮತ್ತೆ ಅದೇ ಜಾಗದಲ್ಲಿ ಇಡುತ್ತಾರೆ.

ಬಗ್ಗುವುದನ್ನು ಮೀಟರ್ ಸ್ಕೇಲಿನಿಂದ ಕಲಿಯಿರಿ

ಇದನ್ನು ಮಾತ್ರ ಅವಸರ ಮಾಡದೆ ಓದಿ, ಓದಿದ ಮೇಲೆ ಎದ್ದು ನಿಂತು ಮಾಡಿ.

ಗಣಿತದ ಮರದ ಮೀಟರ್ ಸ್ಕೇಲು ತೆಗೆದುಕೊಳ್ಳಿ. ಅದನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ, ಒಂದು ಕೈ ಕುತ್ತಿಗೆಯ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಸ್ಕೇಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಹೆಗಲ ಮೂಳೆಗಳ ನಡುವೆ, ಬಾಲಮೂಳೆಯ ಹತ್ತಿರ. ಈಗ ಮೊಣಕಾಲು ತುಸು ಸಡಿಲಿಸಿ, ಎರಡೂ ಕೈಯಲ್ಲಿ ಸಾಮಾನಿರುವಾಗ ಬಾಗಿಲನ್ನು ಹಿಂಭಾಗದಿಂದ ತಳ್ಳಿ ಮುಚ್ಚುವ ಹಾಗೆ ಕುಂಡೆಯನ್ನು ಹಿಂದಕ್ಕೆ ತಳ್ಳಿ. ಮೈ ಮುಂದಕ್ಕೆ ತಾನಾಗಿ ಬಾಗುತ್ತದೆ. ಮೂರೂ ಕಡೆ ಸ್ಕೇಲು ತಾಗಿಕೊಂಡೇ ಇದ್ದರೆ ನೀವು ತೊಡೆಯ ಬುಡದಿಂದ ಬಾಗುತ್ತಿದ್ದೀರಿ. ಬಾಲಮೂಳೆಯ ಹತ್ತಿರ ಸ್ಕೇಲು ಬಿಟ್ಟುಹೋದರೆ ಸೊಂಟದಿಂದ ಬಾಗುತ್ತಿದ್ದೀರಿ. ಮೊದಲ ದಿನ ನನಗೆ ಹತ್ತು ಸಲದಲ್ಲಿ ಒಂದು ಸಲ ಸರಿಬಂತು. ವಾರದಲ್ಲಿ ಮೈಗೆ ಹತ್ತಿತು.

ಸೊಂಟದಿಂದ ಬಾಗಿದರೆ ಏನಾಗುತ್ತದೆ? ಡಿಸ್ಕ್ ಎಂದರೆ ಮೂಳೆಗಳ ನಡುವಿನ ದಿಂಬು. ಹೊರಗೆ ಗಟ್ಟಿ ನಾರಿನ ಪದರು, ಒಳಗೆ ಮೆತ್ತನೆಯ ತಿರುಳು. ಹೋಳಿಗೆಯ ಒಂದು ಅಂಚು ಒತ್ತಿದರೆ ಹೂರಣ ಇನ್ನೊಂದು ಅಂಚಿಗೆ ಸರಿಯುವುದಿಲ್ಲವೇ, ಹಾಗೆ. ಮುಂದೆ ಒತ್ತಡ ಬಿದ್ದರೆ ತಿರುಳು ಹಿಂದಕ್ಕೆ, ನರಗಳಿರುವ ಕಡೆಗೆ ಸರಿಯಲು ನೋಡುತ್ತದೆ. ಜಾರುವ ಡಿಸ್ಕುಗಳಲ್ಲಿ ಬಹುಪಾಲು ಸೊಂಟದ ಕೊನೆಯ ಎರಡರಲ್ಲೇ. ಒಂದೆರಡು ಸಲ ಬಾಗಿದ್ದರಿಂದ ಏನೂ ಆಗುವುದಿಲ್ಲ, ಬೆನ್ನು ಇರುವುದೇ ಬಾಗಲು. ಆದರೆ 40 ಮಕ್ಕಳ ತರಗತಿಯಲ್ಲಿ ಪ್ರತಿ ಮಗುವಿನ ಪುಸ್ತಕಕ್ಕೂ ಒಮ್ಮೆ ಬಗ್ಗಿದರೆ ಐದು ಪೀರಿಯಡ್ಡಿಗೆ ಇನ್ನೂರು ಸಲ. ಅದಕ್ಕೇ ನಾನು ಸ್ನಾನದ ಮನೆಯ ಪ್ಲಾಸ್ಟಿಕ್ ಸ್ಟೂಲನ್ನು ಕಾಲಿನಿಂದ ತಳ್ಳಿಕೊಂಡು ಬೆಂಚಿನಿಂದ ಬೆಂಚಿಗೆ ಹೋಗುತ್ತೇನೆ. ಕೂತರೆ ಮಗುವಿನ ಕಣ್ಣಿನ ಎತ್ತರಕ್ಕೆ ಬರುತ್ತೇನೆ, ಮಗುವೂ ಹೆದರದೆ ಕೇಳುತ್ತದೆ.

ಇನ್ನೊಂದು, ಭಾರ ಎಷ್ಟು ದೂರದಲ್ಲಿದೆ ಎಂಬುದು. ಸನ್ನೆಗೋಲಿನ ಪಾಠ ಮಾಡುವಾಗ ಮಕ್ಕಳಿಗೆ ಈಗ ಇದೇ ಲೆಕ್ಕ ಕೊಡುತ್ತೇನೆ. ಬೆನ್ನುಮೂಳೆ ಆಧಾರಬಿಂದು. ಬೆನ್ನಿನ ಸ್ನಾಯು ಅದರಿಂದ ಸುಮಾರು ಐದು ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತದೆ. ಐದು ಕಿಲೋ ಕಟ್ಟನ್ನು 50 ಸೆಂಟಿಮೀಟರ್ ಮುಂದೆ ಚಾಚಿ ಹಿಡಿದರೆ ಸ್ನಾಯು 50 ಕಿಲೋದಷ್ಟು ಎಳೆಯಬೇಕು. ಅದೇ ಕಟ್ಟನ್ನು ಹೊಟ್ಟೆಗೆ ಒತ್ತಿ 20 ಸೆಂಟಿಮೀಟರಿಗೆ ತಂದರೆ 20 ಕಿಲೋ ಸಾಕು. ಬಾಗಿದಾಗ ನಮ್ಮ ಮೈಯ ಮೇಲ್ಭಾಗದ ಭಾರವೂ ಇದಕ್ಕೆ ಸೇರುತ್ತದೆ. ಆದ್ದರಿಂದ ಮೊದಲು ಹತ್ತಿರ ಹೋಗಿ, ಕಾಲು ಆ ಕಡೆಗೇ ತಿರುಗಿಸಿ, ಕಟ್ಟನ್ನು ಮೈಗೆ ಎಳೆದುಕೊಂಡು, ಆಮೇಲೆ ಎತ್ತಿ. ತಿರುಗುವುದಿದ್ದರೆ ಹೆಜ್ಜೆ ಹಾಕಿ ತಿರುಗಿ.

ಸೀಮೆಸುಣ್ಣದಂಥ ಹಗುರ ವಸ್ತುವಿಗೆ ಇಷ್ಟೆಲ್ಲ ಬೇಡ. ಒಂದು ಕೈ ಮೇಜಿಗೆ ಊರಿ, ಒಂದು ಕಾಲನ್ನು ಹಿಂದಕ್ಕೆ ಎತ್ತುತ್ತ, ತಕ್ಕಡಿಯ ದಂಡಿಗೆಯ ಹಾಗೆ ಮೈ ಮುಂದಕ್ಕೆ ಬಾಗಿಸಿ ಎತ್ತಿಕೊಳ್ಳಿ.

ಬೆಳಗಿನ ಪಾಳಿಯವರಿಗೆ ವಿಶೇಷವಾಗಿ ಹೇಳಬೇಕು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿಕೊಳ್ಳುತ್ತವೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರ್‌ನಷ್ಟು ಎತ್ತರ ಇರುವುದು ಅದಕ್ಕೇ. ಆ ಹೊತ್ತಿನಲ್ಲಿ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಒತ್ತಡ ಹೆಚ್ಚು. ಎದ್ದ ಮೊದಲ ಒಂದೆರಡು ಗಂಟೆ ತಗ್ಗಿನ ಭಾರ ಎತ್ತಬೇಡಿ, ನೆಲ ಒರೆಸಬೇಡಿ, ಪಾದ ಮುಟ್ಟುವ ವ್ಯಾಯಾಮವನ್ನೂ ಆಗ ಮಾಡಬೇಡಿ. ಉತ್ತರಪತ್ರಿಕೆಗಳನ್ನು ಹಿಂದಿನ ದಿನವೇ ಸೊಂಟದ ಎತ್ತರದ ಖಾನೆಗೆ ಏರಿಸಿಡಿ. ನನ್ನ ಆ ಬೆಳಿಗ್ಗೆಯಲ್ಲಿ ಈ ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು: ನಸುಕು, ನಾಲ್ಕನೆಯ ಸೀಟು, ತಿರುಚಿದ ಸೊಂಟ, ಚಾಚಿದ ಕೈ.

ಪುಸ್ತಕ ತಿದ್ದುವ ರಾತ್ರಿಗಳು

ನಿಂತು ಪಾಠ ಮಾಡುವುದರಿಂದ ಬೆನ್ನು ಕೆಡುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಬೆನ್ನನ್ನು ಹೆಚ್ಚು ತಿನ್ನುವುದು ತಿದ್ದುವ ಕೆಲಸ. ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯ ಪತ್ರಿಕೆಗಳು ಬರುವ ದಿನಗಳಲ್ಲಂತೂ ಮೂರು ಮೂರು ಗಂಟೆ ಒಂದೇ ಗೂನು. ತಲೆಯ ತೂಕ ಸುಮಾರು ಐದು ಕಿಲೋ. ಅದು ಮುಂದಕ್ಕೆ ತೂಗಿದಷ್ಟು ಹೊತ್ತೂ ಕುತ್ತಿಗೆಯ ಹಿಂದಿನ ಸ್ನಾಯು ಅದನ್ನು ಹಗ್ಗದ ಹಾಗೆ ಎಳೆದು ಹಿಡಿದಿರಬೇಕು.

ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟು ತಿದ್ದಬೇಡಿ. ಇದಕ್ಕಿಂತ ಕೆಟ್ಟ ಭಂಗಿ ನಾನು ಕಂಡಿಲ್ಲ. ಮನೆ ಚಿಕ್ಕದು, ಮೇಜು ಇಲ್ಲ, ನೆಲದ ಮೇಲೇ ಕೂರಬೇಕು ಎಂದರೆ ಕಂಬಳಿಯನ್ನು ನಾಲ್ಕು ಬೆರಳು ಎತ್ತರಕ್ಕೆ ಮಡಚಿ ಅದರ ಅಂಚಿನಲ್ಲಿ ಕುಳಿತು ಚಕ್ಕಳಮಕ್ಕಳ ಹಾಕಿ. ಕುಂಡೆ ಮೊಣಕಾಲಿಗಿಂತ ಎತ್ತರವಾದರೆ ಸೊಂಟ ಹಿಂದಕ್ಕೆ ಕುಸಿಯುವುದಿಲ್ಲ. ಬೆನ್ನು ಗೋಡೆಗಿರಲಿ. ಮುಂದೆ ಮಕ್ಕಳು ಊಟಕ್ಕೆ ಬಳಸುವ ಮಡಚುವ ಚಿಕ್ಕ ಮೇಜು, ಅದರ ಮೇಲೆ ಅಗಲ ಬೆನ್ನಿನ ಬಾಕ್ಸ್ ಫೈಲು ಅಡ್ಡ ಮಲಗಿಸಿ. ದಪ್ಪ ಅಂಚು ಆಚೆಗೆ, ತೆಳು ಅಂಚು ನಿಮ್ಮ ಕಡೆಗೆ. ಹಳೆಯ ಪೇಢಿಗಳಲ್ಲಿ ಮುನೀಮರು ಬರೆಯುತ್ತಿದ್ದ ಇಳಿಜಾರು ಡೆಸ್ಕು ಇದೇ. ಪುಸ್ತಕ ಕಣ್ಣಿನ ಕಡೆಗೆ ಏಳುತ್ತದೆ, ತಲೆ ಅಷ್ಟು ಬಾಗುವುದಿಲ್ಲ.

ಕುರ್ಚಿಯಿದ್ದರೆ ಹಿಂದಕ್ಕೆ ಸರಿದು ಕೂತು, ಟರ್ಕಿ ಟವೆಲನ್ನು ಸುರುಳಿ ಸುತ್ತಿ ಸೊಂಟದ ಒಳಬಾಗಿಗೆ ಕೊಡಿ. ಪಾದ ನೆಲಕ್ಕೆ ತಾಗದಿದ್ದರೆ ಕಾಲ್ಮಣೆ ಇಡಿ. ಲ್ಯಾಪ್‌ಟಾಪಿನಲ್ಲಿ ಯುಡೈಸ್ (ಸರಕಾರ ಕೇಳುವ ಶಾಲಾ ಅಂಕಿಅಂಶ) ಮಾಹಿತಿ ತುಂಬುವವರು ಅದನ್ನು ಹಳೆಯ ಪಠ್ಯಪುಸ್ತಕಗಳ ಮೇಲೆ ಏರಿಸಿ, ಬೇರೆ ಕೀಬೋರ್ಡ್ ಜೋಡಿಸಿಕೊಳ್ಳಿ.

ಏಳಬೇಕು ಎಂದು ಗೊತ್ತಿದ್ದರೂ ತಿದ್ದುವ ಭರದಲ್ಲಿ ಏಳುವುದಿಲ್ಲ. ಅದಕ್ಕೆ ನಾನು ಕಂಡುಕೊಂಡ ದಾರಿ ಹೇಳುತ್ತೇನೆ. ತಿದ್ದಬೇಕಾದ ರಾಶಿ ಅಡುಗೆಕಟ್ಟೆಯ ಮೇಲಿರುತ್ತದೆ. ಒಮ್ಮೆಗೆ ಐದೇ ಪುಸ್ತಕ ತರುತ್ತೇನೆ. ಮುಗಿದರೆ ಎದ್ದು ಹೋಗಿ ಇಟ್ಟು ಮತ್ತೆ ಐದು. ಬೇಸರವಾದಾಗ ಆ ಕಟ್ಟೆಯ ಹತ್ತಿರವೇ ನಿಂತು ಎರಡು ಸುತ್ತು ತಿದ್ದುತ್ತೇನೆ, ಕೆಳಗೆ ಡಬ್ಬದ ಮೇಲೆ ಒಂದು ಕಾಲಿಟ್ಟು. ಕೆಲಸವೇನೂ ನಿಧಾನವಾಗಿಲ್ಲ.

ಬೆಲ್ ಆದಾಗ ಮಾಡುವುದು

ಅಂಕೋಲೆಯಲ್ಲಿ ನಾಟಿಯ ದಿನಗಳಲ್ಲಿ ಅಮ್ಮ ಮತ್ತು ಅಕ್ಕಪಕ್ಕದ ಹೆಂಗಸರು ಗದ್ದೆಯಲ್ಲಿ ಬಗ್ಗಿರುತ್ತಿದ್ದರು. ಒಂದು ಸಾಲು ಮುಗಿಯಿತೆಂದರೆ ಎಲ್ಲರೂ ಎದ್ದು, ಸೊಂಟಕ್ಕೆ ಎರಡೂ ಅಂಗೈ ಕೊಟ್ಟು, ಹಿಂದಕ್ಕೆ ಬಾಗಿ, ಮೋಡ ನೋಡುವವರ ಹಾಗೆ ಒಂದು ಕ್ಷಣ ನಿಲ್ಲುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಅವರಿಗೆ 1956ರಲ್ಲಿ ಇದೇ ವಿಷಯ ಆಕಸ್ಮಿಕವಾಗಿ ಸಿಕ್ಕಿತು. ಅವರ ಒಬ್ಬ ರೋಗಿ, ತಲೆಯ ಕಡೆ ಎತ್ತಿಟ್ಟಿದ್ದ ಮಂಚದ ಮೇಲೆ ತಿಳಿಯದೆ ಬೋರಲು ಮಲಗಿ, ಬೆನ್ನು ಹಿಂದಕ್ಕೆ ಬಾಗಿದ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಇದ್ದರು. ಎದ್ದಾಗ ವಾರಗಳಿಂದ ಇದ್ದ ಕಾಲಿನ ನೋವು ಹೋಗಿತ್ತು. ಮೆಕೆಂಜಿ ಅದನ್ನು ಹಿಡಿದುಕೊಂಡು ಒಂದು ಚಿಕಿತ್ಸಾ ಕ್ರಮವನ್ನೇ ಬೆಳೆಸಿದರು.

ಆದ್ದರಿಂದ ಬೆಲ್ ಆದ ಕೂಡಲೇ, ಪುಸ್ತಕ ಜೋಡಿಸಿಕೊಳ್ಳುವ ಮೊದಲು, ಸೊಂಟಕ್ಕೆ ಅಂಗೈ ಕೊಟ್ಟು ನಿಧಾನವಾಗಿ ಹಿಂದಕ್ಕೆ ಐದು ಸಲ ಬಾಗಿ. ನೋವು ಸೊಂಟದ ನಡುವಿಗೆ ಸರಿಯುತ್ತ ಬಂದರೆ ಒಳ್ಳೆಯ ಲಕ್ಷಣ. ಕಾಲಿನ ಕಡೆಗೆ ಇಳಿದರೆ ನಿಲ್ಲಿಸಿ, ಇದು ನಿಮಗಲ್ಲ. ವಯಸ್ಸಾದ ಕೆಲವರಿಗೆ, ಬೆನ್ನುಹುರಿಯ ದಾರಿ ಕಿರಿದಾದವರಿಗೆ, ಹಿಂದಕ್ಕೆ ಬಾಗಿದರೇ ನೋವು ಹೆಚ್ಚುತ್ತದೆ. ಅವರಿಗೆ ಕುಳಿತು ಮುಂದಕ್ಕೆ ಬಾಗುವುದೇ ಹಿತ.

ಸ್ಟಾಫ್‌ರೂಮಿನಲ್ಲಿ ಎರಡು ನಿಮಿಷ ಇದ್ದರೆ ಮೇಜಿನ ಮೇಲೆ ಎರಡೂ ಅಂಗೈ ಊರಿ ಹಿಂದೆ ಹೆಜ್ಜೆ ಇಡುತ್ತ ಹೋಗಿ, ಕೈ, ಬೆನ್ನು, ಕುಂಡೆ ಒಂದೇ ಗೆರೆಗೆ ಬರುವವರೆಗೆ. ಹತ್ತು ಉಸಿರು ಹಾಗೇ ಇರಿ. ಇದನ್ನು ನಾನು ಕಲಿತದ್ದು ಅಯ್ಯಂಗಾರ್ ಪದ್ಧತಿಯ ಯೋಗ ತರಗತಿಯಲ್ಲಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಯೋಗ ಕಲಿಸಲು ಬಂದವರು ಅಲ್ಲೇ ನೆಲೆಸಿ, 1975ರಲ್ಲಿ ತಮ್ಮ ಸಂಸ್ಥೆ ಕಟ್ಟಿದರು. ಕುರ್ಚಿ, ಗೋಡೆ, ಹಗ್ಗ, ಮರದ ಇಟ್ಟಿಗೆ ಬಳಸಿ, ನೆಲಕ್ಕೆ ಕೈ ಮುಟ್ಟದವರೂ ಆಸನದ ಫಲ ಪಡೆಯಬಹುದು ಎಂದು ಅವರು ತೋರಿಸಿಕೊಟ್ಟರು. ನಮ್ಮಂಥ ಬಿಗಿದ ಮೈಯವರಿಗೆ ಅದು ದೊಡ್ಡ ಉಪಕಾರ.

ಮನೆಯಲ್ಲಿ ಬಲ ಬರಲು ಎರಡೇ ಸಾಕು, ದಿನಕ್ಕೆ ಹತ್ತು ನಿಮಿಷ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಮೇಲೆತ್ತುವುದು. ಆಮೇಲೆ ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಹತ್ತು ಎಣಿಸಿ, ಕೈಕಾಲು ಬದಲಿಸುವುದು. ಅದರ ಜೊತೆಗೆ ಅರ್ಧ ಗಂಟೆ ನಡಿಗೆ. ಸಂಜೆಯ ಹೊತ್ತು ಆಟೋ ಬಿಟ್ಟು ಸ್ಟೇಷನ್ನಿನಿಂದ ನಡೆದರೆ ನನಗೆ ಸರಿಯಾಗಿ ಅಷ್ಟೇ ಆಗುತ್ತದೆ.

ಆದರೂ ಹಿಡಿದುಬಿಟ್ಟರೆ

ಒಂದೆರಡು ದಿನ ಭಾರದ ಕೆಲಸ ಬಿಡಿ, ಬಿಸಿನೀರಿನ ಚೀಲ ಇಡಿ, ಮೊಣಕಾಲ ಕೆಳಗೆ ದಿಂಬು ಕೊಟ್ಟು ಮಲಗಿ. ಆದರೆ ಗಂಟೆಗೊಮ್ಮೆ ಎದ್ದು ಮನೆಯೊಳಗೇ ನಡೆಯಿರಿ. ನನ್ನ ಹಾಗೆ ವಾರಗಟ್ಟಲೆ ಮಲಗಬೇಡಿ. ಹೊಸದಾಗಿ ಹಿಡಿದ ಸೊಂಟ ಬಹುತೇಕರಿಗೆ ಆರು ವಾರದೊಳಗೆ ಇಳಿಯುತ್ತದೆ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಬಿಪಿ, ಶುಗರ್, ಕಿಡ್ನಿಯ ತೊಂದರೆ ಇರುವವರಂತೂ ತಪ್ಪದೆ. ಸೊಂಟದ ಪಟ್ಟಿ ಕಟ್ಟಿಕೊಂಡು ವರ್ಷಗಟ್ಟಲೆ ಪಾಠ ಮಾಡುವವರಿದ್ದಾರೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರತಂದ ಮಾರ್ಗಸೂಚಿ ಪಟ್ಟಿ ಬೇಡ ಎಂದೇ ಹೇಳುತ್ತದೆ, ವ್ಯಾಯಾಮ ಬೇಕು ಎನ್ನುತ್ತದೆ. ಎಳೆದು ಲಟಕ್ ಎನಿಸುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಇನ್ನು ಕಾಯಲೇಬಾರದ ಲಕ್ಷಣಗಳು. ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ಸಂದಿಯಲ್ಲಿ, ಗುದದ ಸುತ್ತ ಮರಗಟ್ಟಿದರೆ, ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಪಾದ ಮೇಲೆತ್ತಲಾಗದೆ ಚಪ್ಪಲಿ ಕಳಚಿ ಬೀಳುತ್ತಿದ್ದರೂ ಹಾಗೇ. ಜ್ವರದ ಜೊತೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು, ಬಿದ್ದ ಮೇಲಿನ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು: ಇವುಗಳಿಗೆ ತಡಮಾಡದೆ ವೈದ್ಯರನ್ನು ಕಾಣಿ. ನಮ್ಮಲ್ಲಿ ಕ್ಷಯ ಬೆನ್ನುಮೂಳೆಗೂ ಬರುತ್ತದೆ ಎಂಬುದು ನೆನಪಿರಲಿ. ಎಂಆರ್‌ಐ ಬೇಕಾಗುವುದು ಇಂಥ ಕಡೆ. ಈ ಲಕ್ಷಣಗಳನ್ನು ಹೇಳಿಕೊಳ್ಳಲು ನಾಚಿ ಸುಮ್ಮನಿರುವ ಟೀಚರುಗಳಿದ್ದಾರೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಮುಖ್ಯೋಪಾಧ್ಯಾಯರಿಗೊಂದು ಅರ್ಜಿ

ಇದೆಲ್ಲ ಒಬ್ಬರೇ ಮಾಡಿಕೊಳ್ಳುವುದು. ಕೆಲವನ್ನು ಶಾಲೆಯೇ ಮಾಡಬೇಕು, ಅದಕ್ಕೆ ಹೆಚ್ಚು ಹಣವೂ ಬೇಕಾಗಿಲ್ಲ. ನಾವು ಎಂಟು ಜನ ಸೇರಿ ಅರ್ಜಿ ಬರೆದೆವು. ಪ್ರತಿ ತರಗತಿಗೆ ಒಂದು ಎತ್ತರದ ಸ್ಟೂಲು, ಪಾಠದ ನಡುವೆ ಅದರ ಮೇಲೆ ಕೂರಲು ಅನುಮತಿ. ಪುಸ್ತಕಗಳಿಗೆ ಗಾಲಿಯ ತಳ್ಳುಗಾಡಿ ಮಹಡಿಗೊಂದು. ಪತ್ರಿಕೆಗಳ ಕಟ್ಟು ಸೊಂಟದ ಎತ್ತರದ ಖಾನೆಯಲ್ಲಿ, ಕೆಳಗಿನ ಖಾನೆಯಲ್ಲಿ ಹಗುರ ಸಾಮಾನು. ಒಬ್ಬರಿಗೇ ನಾಲ್ಕು ಪೀರಿಯಡ್ ಸಾಲಾಗಿ ಬರದ ಹಾಗೆ ವೇಳಾಪಟ್ಟಿ. ಕಪಾಟಿನ ಖಾನೆ ಮರುದಿನವೇ ಬದಲಾಯಿತು. ತಳ್ಳುಗಾಡಿ ಒಂದು ವರ್ಷ ತೆಗೆದುಕೊಂಡಿತು. ಕೂರುವ ಅನುಮತಿಗೆ ಹೆಚ್ಚು ಮಾತಾಡಬೇಕಾಯಿತು. ಕೂತು ಪಾಠ ಮಾಡಿದರೆ ಶಿಸ್ತು ಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಒಂದು ವಾರ ನನ್ನ ತರಗತಿಗೆ ಬಂದು ನೋಡಿ ಎಂದು ಕೇಳಿಕೊಂಡೆ. ಎರಡನೆಯ ದಿನಕ್ಕೇ ಒಪ್ಪಿದರು.

ಅರ್ಜಿ ಬರೆಯುವಾಗ ನೋವಿನ ವರ್ಣನೆ ಬೇಡ. ಬೇಕಾದ ವಸ್ತು, ಎಷ್ಟು, ಎಲ್ಲಿ ಇಡಬೇಕು, ಬೆಲೆ ಎಷ್ಟು ಎಂದು ಬರೆಯಿರಿ. ಸಹಿ ಎಲ್ಲರದೂ ಇರಲಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.